ಈಜಿಪ್ಟಿನ ಕ್ರಿಯಾಪದ: ಓದುತ್ತಾ ಕಲಿಸುತ್ತಾ ಕಂಡುಕೊಂಡದ್ದು

ಪ್ರಾಚೀನ ಈಜಿಪ್ಟಿನ ಭಾಷೆ ಕಲಿಯಲು ಹೊರಟವರು ಮೊದಲು ಹೆದರುವುದು ಚಿತ್ರಲಿಪಿಗೆ. ಆ ಹೆದರಿಕೆ ಬೇಗ ಹೋಗುತ್ತದೆ. ಒಂಟಿ ವ್ಯಂಜನದ ಚಿಹ್ನೆಗಳು ಎರಡು ಡಜನ್ನಿನಷ್ಟು, ಎರಡು ಮೂರು ವ್ಯಂಜನ ಸೇರಿದವು ನೂರಕ್ಕೂ ಹೆಚ್ಚು. ಬರೆದು ಬರೆದು ಕೈಗೆ ಬರುತ್ತವೆ. ಜನ ಪುಸ್ತಕ ಮುಚ್ಚಿಟ್ಟು ಎದ್ದುಹೋಗುವುದು ಕ್ರಿಯಾಪದದ ಅಧ್ಯಾಯಕ್ಕೆ ಬಂದಾಗ. ನಾನು ಓದುವುದು, ಆಸಕ್ತ ಕನ್ನಡಿಗರಿಗೆ ಹೇಳಿಕೊಡುವುದು ಮಧ್ಯ ಈಜಿಪ್ಟಿಯನ್ ಎಂದು ಕರೆಯುವ ಹಂತದ ಭಾಷೆ. ಅದು ಸುಮಾರು ಕ್ರಿ.ಪೂ. 2000ರಿಂದ 1300ರವರೆಗಿನದು, ದೇವಾಲಯದ ಬರಹದಲ್ಲಿ ಅದರ ಬಳಕೆ ರೋಮನ್ನರ ಕಾಲದವರೆಗೂ ಉಳಿಯಿತು. ಈ ಭಾಷೆಯ ವ್ಯಾಕರಣಗಳು ನಮಗೆ ಹೆಚ್ಚಾಗಿ ಸಿಗುವುದು ಇಂಗ್ಲಿಷ್, ಜರ್ಮನ್, ಫ್ರೆಂಚ್‌ಗಳಲ್ಲಿ. ಆ ಪುಸ್ತಕಗಳು ಬೇಕೇ ಬೇಕು. ಆದರೆ ಈಜಿಪ್ಟಿನ ಕ್ರಿಯಾಪದವನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಕನ್ನಡಕ್ಕೆ ತರುವ ದಾರಿಯಲ್ಲಿ ಅರ್ಧ ಅರ್ಥ ಸೋರಿಹೋಗುತ್ತದೆ. ನೇರ ಕನ್ನಡದಲ್ಲಿ ಹಿಡಿದರೆ ಎಷ್ಟೋ ಗಂಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಕನ್ನಡವೇ ದಾರಿ ತಪ್ಪಿಸುವ ಜಾಗಗಳೂ ಇವೆ. ಎರಡನ್ನೂ ಕೆಳಗೆ ಬರೆದಿದ್ದೇನೆ.

1. ‘ಸೆಜೆಮ್’ ಒಂದನ್ನೇ ಉರು ಹೊಡೆಯಬೇಡಿ

ವ್ಯಾಕರಣಗಳೆಲ್ಲ ‘ಕೇಳು’ ಎಂಬರ್ಥದ ಸೆಜೆಮ್ ಧಾತುವನ್ನು ಮಾದರಿಯಾಗಿ ಇಟ್ಟುಕೊಂಡಿವೆ. ರೂಪಗಳ ಹೆಸರೂ ಅದರಿಂದಲೇ ಬಂದವು: ಸೆಜೆಮ್-ಎಫ್, ಸೆಜೆಮ್-ಎನ್-ಎಫ್, ಸೆಜೆಮ್-ಖೆರ್-ಎಫ್. ಕೊನೆಯ ‘ಎಫ್’ ಅಂದರೆ ‘ಅವನು’. ನಡುವೆ ಬರುವ ‘ಎ’ ಸ್ವರಗಳು ನಾವು ಉಚ್ಚಾರಣೆಗೆಂದು ಸೇರಿಸಿಕೊಂಡವು. ಮೂಲದಲ್ಲಿ ಇರುವುದು ಸ, ಜ, ಮ ಎಂಬ ಮೂರು ವ್ಯಂಜನ ಮಾತ್ರ. ಬಾಯಲ್ಲಿ ಸ್ವರ ಬದಲಾಗಿ ರೂಪ ಬದಲಾಗುತ್ತಿತ್ತು. ಬರಹದಲ್ಲಿ ಸ್ವರಕ್ಕೆ ಜಾಗವಿರಲಿಲ್ಲ. ಹಾಗಾಗಿ ‘ಕೇಳುತ್ತಾನೆ’, ‘ಕೇಳಲಿ’, ‘ಅವನು ಕೇಳುವುದು’, ‘ಅವನು ಕೇಳುತ್ತಿರಲು’ ಎಲ್ಲವೂ ಪಪೈರಸ್ಸಿನ ಮೇಲೆ ಒಂದೇ ಥರ ಕಾಣುತ್ತವೆ. ಸೆಜೆಮ್‌ನ ವ್ಯಂಜನಗಳು ಮೂರೂ ಗಟ್ಟಿ, ಆದ್ದರಿಂದ ಅದು ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ.

ಗುಟ್ಟು ಬಿಡುವುದು ಕೊನೆಯ ವ್ಯಂಜನ ದುರ್ಬಲವಾದ ಧಾತುಗಳು ಮತ್ತು ಕೆಲವು ಅನಿಯಮಿತ ಧಾತುಗಳು. ‘ಮಾಡು’ ಎಂಬರ್ಥದ ಇರಿ, ‘ಹೊರಡು’ ಎಂಬರ್ಥದ ಪೆರಿ, ‘ಪ್ರೀತಿಸು’ ಎಂಬರ್ಥದ ಮೆರಿ, ‘ಕೊಡು’ ಎಂಬರ್ಥದ ರೆದಿ, ‘ನೋಡು’ ಎಂಬರ್ಥದ ಮಾಆ, ‘ಬಾ’ ಎಂಬರ್ಥದ ಇವಿ. ಇವುಗಳಲ್ಲಿ ರೂಪಭೇದ ಕಣ್ಣಿಗೆ ಬೀಳುತ್ತದೆ. ಪೆರ್-ಎಫ್ ಒಂದು, ‘ರ್’ ದ್ವಿತ್ವವಾದ ಪೆರೆರ್-ಎಫ್ ಇನ್ನೊಂದು. ಇರಿಯಿಂದ ಇರೆರ್-ಎಫ್, ರೆದಿಯಿಂದ ದೆದ್-ಎಫ್. ‘ಬರಲಿ’ ಎಂಬ ವಿಧ್ಯರ್ಥಕ್ಕೆ ಇವಿಯಿಂದ ಇವೆತ್-ಎಫ್, ‘ನೋಡಲಿ’ ಎನ್ನಲು ಮಾಆದಿಂದ ಮಾನ್-ಎಫ್. ಈ ಆರು ಧಾತುಗಳ ಒಂದು ಪಟ್ಟಿ ನಿಮ್ಮ ಕೈಯಾರೆ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ. ಓದುವಾಗ ಅನುಮಾನದ ಸೆಜೆಮ್-ಎಫ್ ಎದುರಾದರೆ, ಅದೇ ವಾಕ್ಯದಲ್ಲಿ ಅದರ ಜಾಗಕ್ಕೆ ಇವಿ ಅಥವಾ ಪೆರಿ ಬಂದಿದ್ದರೆ ಯಾವ ರೂಪ ಇರುತ್ತಿತ್ತು ಎಂದು ಕೇಳಿಕೊಳ್ಳಿ. ಅಂಥ ವಾಕ್ಯ ಬೇರೆಲ್ಲಾದರೂ ಸಿಗುತ್ತದೆಯೇ ಎಂದು ಹುಡುಕಿ. ಬರ್ಲಿನ್ನಿನ ವಿದ್ವಾಂಸರು ಕಟ್ಟಿದ ಈಜಿಪ್ಟಿಯನ್ ಪದಕೋಶ, ಈಗ ಅಂತರ್ಜಾಲದಲ್ಲಿರುವ ತೆಸಾರಸ್ ಲಿಂಗ್ವೆ ಈಜಿಪ್ಟಿಯೆ ಈ ಹುಡುಕಾಟಕ್ಕೆ ದೊಡ್ಡ ಆಸರೆ. ಕುರ್ಟ್ ಸೇಟೆ 1899ರಿಂದ 1902ರವರೆಗೆ ಮೂರು ಸಂಪುಟಗಳಲ್ಲಿ ಈಜಿಪ್ಟಿನ ಕ್ರಿಯಾಪದದ ಮೇಲೆ ಬರೆದಾಗ ಮಾಡಿದ್ದೂ ಇದನ್ನೇ: ಧಾತುಗಳನ್ನು ವ್ಯಂಜನದ ಬಲಾಬಲ ನೋಡಿ ವರ್ಗಗಳಾಗಿ ವಿಂಗಡಿಸಿದ್ದು.

2. ಪ್ರತ್ಯಯವೇ ಕರ್ತೃ

ಕನ್ನಡದಲ್ಲಿ ‘ಲಿಪಿಕಾರನು ಕೇಳಿದನು’ ಎನ್ನುತ್ತೇವೆ. ಕರ್ತೃವೂ ಇದೆ, ಆಖ್ಯಾತ ಪ್ರತ್ಯಯವೂ ಇದೆ. ಸೆಜೆಮ್-ಎಫ್ ಬಗೆಯ ರೂಪಗಳಲ್ಲಿ ಎರಡೂ ಒಟ್ಟಿಗೆ ಬರುವಂತಿಲ್ಲ. ‘ಎಫ್’ ಇದ್ದರೆ ಅದೇ ‘ಅವನು’. ಲಿಪಿಕಾರನ ಹೆಸರು ಬಂದರೆ ‘ಎಫ್’ ಹೋಗಿ, ಕ್ರಿಯಾಪದದ ಬೆನ್ನಿಗೇ ‘ಸೆಶ್’ ಎಂಬ ನಾಮಪದ ಕೂರುತ್ತದೆ. ಕನ್ನಡಿಗರು ಈಜಿಪ್ಟಿಯನ್ ವಾಕ್ಯ ಕಟ್ಟುವಾಗ ತಪ್ಪುವುದು ಇಲ್ಲೇ: ಲಿಪಿಕಾರನ ಜೊತೆ ‘ಎಫ್’ ಅನ್ನೂ ಉಳಿಸಿಬಿಡುತ್ತಾರೆ. ಇನ್ನೊಂದು ಸಂಗತಿ ಕ್ರಮದ್ದು. ಇಲ್ಲಿ ಕ್ರಿಯಾಪದ ಮೊದಲು, ಕರ್ತೃ ಆಮೇಲೆ, ಕರ್ಮ ಅದರ ನಂತರ. ವಾಕ್ಯದ ಕೊನೆಗೆ ಓಡಿ ಕ್ರಿಯಾಪದ ಹುಡುಕುವ ನಮ್ಮ ಅಭ್ಯಾಸ ಇಲ್ಲಿ ನಡೆಯದು.

3. ಸ್ಥಿತಿರೂಪವನ್ನು ಕನ್ನಡದ ‘ಇದ್ದಾನೆ’ಯಿಂದ ಹಿಡಿಯಿರಿ

ಒಂದೇ ರೂಪಕ್ಕೆ ಮೂರು ಹೆಸರು. ಜರ್ಮನ್ ಪರಂಪರೆಯಲ್ಲಿ ಹುಸಿಕೃದಂತ, ಅಲನ್ ಗಾರ್ಡಿನರ್ ಅವರ ವ್ಯಾಕರಣದಲ್ಲಿ ಹಳೆಯ ಪೂರ್ಣರೂಪ, ಇಂದಿನ ಪುಸ್ತಕಗಳಲ್ಲಿ ಸ್ಥಿತಿರೂಪ. ಹೆಸರುಗಳಿಂದ ಗಲಿಬಿಲಿಯಾಗಬೇಡಿ. ಅಡಾಲ್ಫ್ ಎರ್ಮನ್ 1889ರಲ್ಲಿ ಗುರುತಿಸಿದಂತೆ ಇದು ಅಕ್ಕೇಡಿಯನ್ ಭಾಷೆಯ ಸ್ಥಿತಿರೂಪದ ಬಳಗದ್ದು. ಇದಕ್ಕೆ ಬೇರೆಯೇ ಪ್ರತ್ಯಯಗಳಿವೆ: ‘ನಾನು’ ಎಂಬಲ್ಲಿ -ಕು, ‘ನೀನು’ ಎಂಬಲ್ಲಿ -ತಿ, ‘ಅವನು’ ಎಂಬಲ್ಲಿ -ಉ. ಕೊನೆಯದನ್ನು ಲಿಪಿಕಾರರು ಬಹಳ ಸಲ ಬರೆಯದೇ ಬಿಡುತ್ತಾರೆ.

ಇಂಗ್ಲಿಷ್ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ಸಂಗತಿ ಕನ್ನಡಿಗರಿಗೆ ಮನೆಯ ಮಾತು. ‘ಲಿಪಿಕಾರ ಬಂದ’ ಎಂಬುದು ನಡೆದ ಘಟನೆ. ‘ಲಿಪಿಕಾರ ಬಂದಿದ್ದಾನೆ’ ಎಂಬುದು ಈಗಿನ ಸ್ಥಿತಿ. ಸ್ಥಿತಿರೂಪ ಎರಡನೆಯದು. ಹೋಗು, ಬಾ, ಹೊರಡು, ಇಳಿ ಮುಂತಾದ ಚಲನೆಯ ಧಾತುಗಳಿಗೆ ‘ಆಗಿದೆ’ ಎಂಬ ಅರ್ಥ ಬೇಕಾದಾಗ ಈಜಿಪ್ಟಿನವರು ಸಾಮಾನ್ಯವಾಗಿ ಇದನ್ನೇ ಎತ್ತಿಕೊಳ್ಳುತ್ತಾರೆ. ಇನ್ನೂ ಸೊಗಸಾದದ್ದು ಸಕರ್ಮಕ ಧಾತುಗಳ ವರ್ತನೆ. ‘ಗೋಡೆಯ ಮೇಲೆ ಹೆಸರು ಬರೆದಿದೆ’ ಎನ್ನುವಾಗ ‘ಪಡು’ ಹಚ್ಚದೆಯೇ ಕರ್ಮಣಿಯ ಅರ್ಥ ಬಂದುಬಿಡುತ್ತದೆ. ಈಜಿಪ್ಟಿನ ಸ್ಥಿತಿರೂಪವೂ ಹಾಗೆಯೇ: ಸಕರ್ಮಕ ಧಾತುವಿಗೆ ಅದು ಹತ್ತಿದರೆ ಕರ್ತೃಸ್ಥಾನದಲ್ಲಿರುವುದು ಕ್ರಿಯೆಗೆ ಒಳಗಾದ ವಸ್ತು. ಇದಕ್ಕೆ ಹೆಸರುವಾಸಿಯಾದ ಅಪವಾದ ರೆಖ್ ಎಂಬ ಧಾತು. ರೆಖ್-ಎನ್-ಇ ಎಂದರೆ ‘ತಿಳಿದುಕೊಂಡೆ’. ರೆಖ್-ಕು ಎಂದರೆ ‘ತಿಳಿದಿದ್ದೇನೆ’, ‘ನನಗೆ ಗೊತ್ತು’. ಧಾತುವಿನ ಮೂಲಾರ್ಥ ‘ಅರಿವಿಗೆ ಬರುವುದು’. ಬಂದ ಮೇಲೆ ಉಳಿಯುವ ಅರಿವು ಸ್ಥಿತಿ. ನಿಘಂಟಿನಲ್ಲಿ ‘ತಿಳಿ’ ಎಂದಷ್ಟೇ ನೋಡಿಕೊಂಡು ಹೊರಟವರಿಗೆ ಈ ಎರಡರ ನಡುವಿನ ಅಂತರ ಕಾಣುವುದಿಲ್ಲ.

ವಾಕ್ಯರಚನೆಯಲ್ಲೂ ಸ್ಥಿತಿರೂಪ ನಮಗೆ ಹತ್ತಿರ. ಇಲ್ಲಿ ಕರ್ತೃ ಮೊದಲು, ಕ್ರಿಯಾಪದ ನಂತರ, ಅದರ ಪ್ರತ್ಯಯ ಕರ್ತೃವಿಗೆ ಹೊಂದಿಕೊಂಡು ಬರುತ್ತದೆ. ಹಿಂದಿನ ಪಾಠದಲ್ಲಿ ಬಿಡಬೇಕಾದ ಅಭ್ಯಾಸವನ್ನು ಇಲ್ಲಿ ಮತ್ತೆ ಹಿಡಿಯಬಹುದು.

4. ನಿಷೇಧದಲ್ಲಿ ಕಾಲ ತಿರುಗುಮುರುಗು

ಸೆಜೆಮ್-ಎನ್-ಎಫ್ ಎಂದರೆ ‘ಕೇಳಿದ’, ‘ಕೇಳಿದ್ದಾನೆ’. ಅದರ ಮುಂದೆ ನಿಷೇಧದ ‘ಎನ್’, ಅಂದರೆ ಅಗಲವಾಗಿ ಚಾಚಿದ ಎರಡು ತೋಳುಗಳ ಚಿಹ್ನೆ, ಬಂದರೆ ‘ಕೇಳಲಿಲ್ಲ’ ಆಗಬೇಕಲ್ಲವೇ? ಆಗುವುದಿಲ್ಲ. ಅದು ‘ಕೇಳುವುದಿಲ್ಲ’, ‘ಕೇಳಲಾರ’ ಆಗುತ್ತದೆ. ‘ಕೇಳಲಿಲ್ಲ’ ಎನ್ನಲು ಬೇಕಾದದ್ದು ಅದೇ ಚಿಹ್ನೆ ಮತ್ತು ಬರೀ ಸೆಜೆಮ್-ಎಫ್. ತೋಳುಗಳ ಕೆಳಗೆ ನೀರಿನ ಅಲೆಯ ಚಿಹ್ನೆ ಸೇರಿ ‘ನೆನ್’ ಆದಾಗ ‘ಕೇಳನು, ಇನ್ನು ಮುಂದೆ’ ಎಂಬ ಭವಿಷ್ಯ. ಈ ತಿರುವನ್ನು ಬ್ಯಾಟಿಸ್ಕೋಂಬ್ ಗನ್ 1924ರಲ್ಲಿ ತಮ್ಮ ವಾಕ್ಯರಚನೆಯ ಅಧ್ಯಯನದಲ್ಲಿ ಖಚಿತಪಡಿಸಿದರು. ಇಂದಿಗೂ ಅದನ್ನು ಗನ್ ನಿಯಮ ಎನ್ನುತ್ತಾರೆ.

ಸೂತ್ರವಾಗಿ ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆಯುತ್ತದೆ. ಕಾರಣ ಹಿಡಿದರೆ ಮರೆಯುವುದಿಲ್ಲ. ಸೆಜೆಮ್-ಎನ್-ಎಫ್ ಹೇಳುವುದು ಕ್ರಿಯೆ ಮುಗಿದಿದೆ, ಕೈಗೂಡಿದೆ ಎಂದು. ಅದರ ನಿಷೇಧ ‘ಕೈಗೂಡಿಲ್ಲ’, ಅಂದರೆ ‘ಆಗುವಂಥದ್ದಲ್ಲ’. ನಮ್ಮ ಹಳೆಯ ನಿಷೇಧರೂಪ ಇಲ್ಲಿ ನೆರವಿಗೆ ಬರುತ್ತದೆ. ‘ಕೇಳನು’, ‘ಅರಿಯೆ’, ‘ಬಾರದು’ ಎಂಬಲ್ಲಿ ಧಾತುವಿಗೆ ನೇರವಾಗಿ ಪುರುಷಪ್ರತ್ಯಯ ಹತ್ತಿದೆ, ಕಾಲದ ಗುರುತಿಲ್ಲ. ಹಠಮಾರಿಯನ್ನು ಕುರಿತು ‘ಅವನು ಯಾರ ಮಾತನ್ನೂ ಕೇಳನು’ ಎಂದಾಗ ಹೊಮ್ಮುವ ಅರ್ಥವೇ ಗನ್ ಗುರುತಿಸಿದ್ದು. ನನ್ನ ಬಳಿ ಕಲಿಯುವವರಿಗೆ ಈ ರಚನೆಯನ್ನು ‘ಕೇಳುವುದಿಲ್ಲ’ ಎಂದು ಬರೆಯದೆ ‘ಕೇಳನು’ ಎಂದೇ ಬರೆಯಲು ಹೇಳುತ್ತೇನೆ. ರೆಖ್ ಇಲ್ಲೂ ಬೇರೆ ದಾರಿ ಹಿಡಿಯುತ್ತದೆ: ‘ಅರಿವಿಗೆ ಬರಲಿಲ್ಲ’ ಎಂಬ ರೂಪವೇ ಅದರಲ್ಲಿ ‘ಅರಿಯನು’ ಎಂಬ ಅರ್ಥ ಕೊಡುತ್ತದೆ.

ಈಜಿಪ್ಟಿನ ಕ್ರಿಯಾಪದದಲ್ಲಿ ಮೊದಲು ಕೇಳಬೇಕಾದದ್ದು ‘ಮುಗಿಯಿತೇ, ನಡೆಯುತ್ತಿದೆಯೇ, ಆಗಬೇಕೇ’ ಎಂಬುದು. ‘ಯಾವಾಗ’ ಎಂಬ ಪ್ರಶ್ನೆಗೆ ಉತ್ತರ ಸುತ್ತಲಿನ ವಾಕ್ಯಗಳಿಂದ ಸಿಗುತ್ತದೆ.

5. ‘ಹೊರಡುವುದು ರಾತ್ರಿ’: ಪೊಲೋಟ್ಸ್ಕಿ ಮತ್ತು ದ್ವಿತ್ವದ ರೂಪ

ಪೆರೆರ್-ಎಫ್, ಇರೆರ್-ಎಫ್‌ಗಳಲ್ಲಿ ವ್ಯಂಜನ ಇಮ್ಮಡಿಸುವುದೇಕೆ? ಅಲನ್ ಗಾರ್ಡಿನರ್ 1927ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಇದನ್ನು ಅಪೂರ್ಣರೂಪ ಎಂದು ಕರೆದು, ಮತ್ತೆ ಮತ್ತೆ ನಡೆಯುವ ಅಥವಾ ಮುಂದುವರಿಯುವ ಕ್ರಿಯೆ ಎಂದರು. ಹಲವು ವಾಕ್ಯಗಳಿಗೆ ಅದು ಹೊಂದುತ್ತದೆ, ಹಲವಕ್ಕೆ ಹೊಂದುವುದೇ ಇಲ್ಲ. 1944ರಲ್ಲಿ ಕೈರೋದಲ್ಲಿ ಹಾನ್ಸ್ ಯಾಕೋಬ್ ಪೊಲೋಟ್ಸ್ಕಿಯವರ ಕಾಪ್ಟಿಕ್ ವಾಕ್ಯರಚನೆಯ ಪುಸ್ತಕ ಹೊರಬಂದಿತು. ಪೊಲೋಟ್ಸ್ಕಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಕಾಪ್ಟಿಕ್ ಎಂಬುದು ಗ್ರೀಕ್ ಲಿಪಿಯನ್ನು ಅಳವಡಿಸಿಕೊಂಡು ಬರೆದ, ಸ್ವರಗಳೂ ಕಾಣಸಿಗುವ, ಈಜಿಪ್ಟಿಯನ್ನಿನ ಕಡೆಯ ಹಂತ. ಅಲ್ಲಿ ‘ಎರಡನೆಯ ಕಾಲಗಳು’ ಎಂದು ಕರೆಯುತ್ತಿದ್ದ ರೂಪಗಳು ಕಾಲವನ್ನು ಹೇಳಲು ಬಂದವಲ್ಲ, ವಾಕ್ಯದ ಒತ್ತನ್ನು ಕ್ರಿಯೆಯಿಂದ ಕಿತ್ತು ಕ್ರಿಯಾವಿಶೇಷಣಕ್ಕೆ ಕೊಡಲು ಬಂದವು ಎಂದು ಅವರು ತೋರಿಸಿದರು. ಹಳೆಯ ಈಜಿಪ್ಟಿಯನ್ನಿನಲ್ಲಿ ಅದೇ ಕೆಲಸವನ್ನು ದ್ವಿತ್ವದ ರೂಪ ಮಾಡುತ್ತದೆ ಎಂಬ ಅವರ ವಾದ ಈಜಿಪ್ಟ್ ಭಾಷಾಧ್ಯಯನದ ದಿಕ್ಕನ್ನೇ ಬದಲಿಸಿತು.

ಇದನ್ನು ಇಂಗ್ಲಿಷಿನಲ್ಲಿ ಓದಿದ ವಿದ್ಯಾರ್ಥಿಗಳು ಕಣ್ಣು ಕಣ್ಣು ಬಿಡುತ್ತಾರೆ. ಕನ್ನಡದಲ್ಲಿ ಹೇಳಿ ನೋಡಿ. ‘ಅವನು ರಾತ್ರಿ ಹೊರಡುತ್ತಾನೆ’ ಒಂದು ವಾಕ್ಯ. ‘ಅವನು ಹೊರಡುವುದು ರಾತ್ರಿ’ ಇನ್ನೊಂದು. ಎರಡನೆಯದರಲ್ಲಿ ಹೊರಡುವ ಸಂಗತಿ ಕೇಳುವವರಿಗೆ ಮೊದಲೇ ಗೊತ್ತು. ಹೊಸ ಸುದ್ದಿ ‘ರಾತ್ರಿ’. ಇದನ್ನು ಸಾಧಿಸಲು ಕ್ರಿಯಾಪದ ‘ಹೊರಡುವುದು’ ಎಂಬ ಕೃದಂತವಾಗಿ, ನಾಮಪದದ ಜಾಗದಲ್ಲಿ ಕೂತಿದೆ. ಪೆರೆರ್-ಎಫ್ ಎಮ್ ಗೆರೆಹ್ ಎಂದು ನಾನೇ ಕಟ್ಟಿಕೊಂಡ ಅಭ್ಯಾಸದ ವಾಕ್ಯ ಹೇಳುವುದು ಅದನ್ನೇ: ಅವನು ಹೊರಡುವುದು ರಾತ್ರಿಯಲ್ಲಿ. ‘ಬಂದದ್ದು ನಿನ್ನೆ’, ‘ಹೇಳಿದ್ದು ನಿನಗೆ’, ‘ಸಿಟ್ಟಾದದ್ದು ಇದಕ್ಕೆ’ ಎಂದು ದಿನವಿಡೀ ಮಾತನಾಡುವ ನಮಗೆ ಪೊಲೋಟ್ಸ್ಕಿ ಹೇಳಿದ ಸಂಗತಿ ತಲೆಗೆ ಹೋಗಲು ಹೆಚ್ಚು ಹೊತ್ತು ಬೇಕಿಲ್ಲ. ಕನ್ನಡದ ವಾಕ್ಯರಚನೆ ಈ ಭಾಷೆಯ ವಿದ್ಯಾರ್ಥಿಗೆ ಕೊಡುವ ಅತಿ ದೊಡ್ಡ ಸಹಾಯ ಇದು ಎಂದು ನನ್ನ ನಂಬಿಕೆ.

ಆದರೆ ದ್ವಿತ್ವ ಕಂಡಲ್ಲೆಲ್ಲ ‘ಉವುದು’ ಹಚ್ಚಿ ಮುಗಿಸಬೇಡಿ. ವಾಕ್ಯದಲ್ಲಿ ಒತ್ತು ಬೀಳಲು ತಕ್ಕ ಕ್ರಿಯಾವಿಶೇಷಣ ಇದೆಯೇ ಎಂದು ಮೊದಲು ನೋಡಿ. ಇಲ್ಲದಿದ್ದರೆ ಎರಡು ದ್ವಿತ್ವರೂಪಗಳು ಜೋಡಿಯಾಗಿ ನಿಂತು ‘ನೀನು ಹೊರಟರೆ ಅವಳೂ ಹೊರಟಂತೆ’ ಎಂಬ ಸಮತೂಕದ ವಾಕ್ಯವಾಗಿರಬಹುದು. ಕೃದಂತಗಳಲ್ಲಿ ಬರುವ ದ್ವಿತ್ವ ಬೇರೆ. ಅಲ್ಲಿ ಗಾರ್ಡಿನರ್ ಹೇಳಿದ ‘ಮತ್ತೆ ಮತ್ತೆ’ ಎಂಬ ಅರ್ಥ ಈಗಲೂ ನಿಲ್ಲುತ್ತದೆ. ಪೊಲೋಟ್ಸ್ಕಿಯ ದಾರಿಯಲ್ಲಿ ಬಹಳ ದೂರ ಹೋದವರು ಮುಖ್ಯ ಕ್ರಿಯಾಪದಗಳನ್ನೆಲ್ಲ ನಾಮಪದ, ಗುಣವಾಚಕ, ಕ್ರಿಯಾವಿಶೇಷಣಗಳ ಪಾಲು ಮಾಡಿ, ಕ್ರಿಯಾಪದವೆಂದು ಹೇಳಿಕೊಳ್ಳಲು ಹೆಚ್ಚೇನೂ ಉಳಿಸಲಿಲ್ಲ. ಅದು ಅತಿಯಾಯಿತು ಎಂಬ ಟೀಕೆ ಬಂದು ದಶಕಗಳಾದವು. ನನಗೂ ಹಾಗೆಯೇ ಅನಿಸುತ್ತದೆ. ಜೇಮ್ಸ್ ಅಲನ್ ಅವರ ಮಧ್ಯ ಈಜಿಪ್ಟಿಯನ್ ಪಠ್ಯಪುಸ್ತಕದ 2000ದ ಮೊದಲ ಆವೃತ್ತಿಯನ್ನೂ 2014ರ ಮೂರನೆಯ ಆವೃತ್ತಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಕ್ರಿಯಾಪದದ ಪಾಠಗಳನ್ನು ಓದಿ. ಒಬ್ಬ ದೊಡ್ಡ ವಿದ್ವಾಂಸ ತನ್ನ ವಿವರಣೆಯನ್ನು ತಾನೇ ಹೇಗೆ ಮತ್ತೆ ಕಟ್ಟುತ್ತಾನೆ ಎಂಬುದು ಕಾಣುತ್ತದೆ.

6. ‘ಅವನು ಕೇಳಿದ ಮಾತು’

ಇಂಗ್ಲಿಷಿನ ವಿದ್ಯಾರ್ಥಿ ತಿಣುಕಾಡುವ ಸಂಬಂಧರೂಪ ನಮಗೆ ಸಲೀಸು. ‘ಅವನು ಕೇಳಿದ ಮಾತು’, ‘ರಾಜ ಕೊಟ್ಟ ಭೂಮಿ’ ಎಂದು ನಾವು ಕ್ರಿಯಾಪದವನ್ನು ವಿಶೇಷಣವಾಗಿಸಿ ನಾಮಪದಕ್ಕೆ ಜೋಡಿಸುವಂತೆ ಈಜಿಪ್ಟಿನವರೂ ಜೋಡಿಸುತ್ತಾರೆ. ವ್ಯತ್ಯಾಸ ಎರಡು: ಅವರಲ್ಲಿ ವಿಶೇಷಣ ನಾಮಪದದ ನಂತರ ಬರುತ್ತದೆ, ಜೊತೆಗೆ ಅದರ ಲಿಂಗ ವಚನಗಳಿಗೆ ಹೊಂದಿಕೊಳ್ಳುತ್ತದೆ. ಸ್ತ್ರೀಲಿಂಗದ ನಾಮಪದವಿದ್ದರೆ ಕ್ರಿಯಾರೂಪದಲ್ಲಿ ‘ತ್’ ಕಾಣಲೇಬೇಕು. ಮ್ಯೂಸಿಯಮ್ಮುಗಳಲ್ಲಿರುವ ಸಮಾಧಿಶಿಲೆಗಳ ಮೇಲೆ ನೂರಾರು ಸಲ ಕೆತ್ತಿರುವ ಅರ್ಪಣೆಯ ಸೂತ್ರದಲ್ಲಿ ‘ಕೊಡು’ ಧಾತು ನಿಂತಿರುವುದು ಹೀಗೆಯೇ, ‘ರಾಜನು ಕೊಡುವ’ ಎಂಬರ್ಥದಲ್ಲಿ, ಎಂದು ಹೆಚ್ಚಿನವರು ಓದುತ್ತಾರೆ.

7. ‘ಇವ್’ ಅಂದರೆ ‘ಇದೆ’ ಅಲ್ಲ

ಹಳೆಯ ಪದಪಟ್ಟಿಗಳು ‘ಇವ್’ ಎಂಬ ಅವ್ಯಯಕ್ಕೆ ‘ಇರು’ ಎಂದು ಅರ್ಥ ಬರೆಯುತ್ತವೆ. ಅದನ್ನು ಅಳಿಸಿಹಾಕಿ. ಅದು ಹೇಳುವುದು ‘ಇಲ್ಲಿಂದ ನೇರವಾದ ಹೇಳಿಕೆ ಶುರು’ ಎಂದು. ಅದಿಲ್ಲದೆ ಬಂದ ಸೆಜೆಮ್-ಎಫ್ ಬಹಳ ಸಲ ಹಿಂದಿನ ವಾಕ್ಯಕ್ಕೆ ಅಧೀನ. ಕನ್ನಡದಲ್ಲಿ ‘ಕೇಳುತ್ತಾ’, ‘ಕೇಳುತ್ತಿರಲು’ ಎಂದು ಹಚ್ಚಬೇಕಾಗುತ್ತದೆ.

8. ಅಲೆಯ ಚಿಹ್ನೆಯ ಮುಂದೆ ನಿಧಾನಿಸಿ

ನೀರಿನ ಅಲೆಯ ‘ನ್’ ಚಿಹ್ನೆ ಕ್ರಿಯಾಪದದ ಹಿಂದೆ ಬಂದಾಗ ಅದು ಮುಗಿದ ಕ್ರಿಯೆಯ ಗುರುತಾಗಿರಬಹುದು, ‘-ಗೆ’ ಎಂಬ ಚತುರ್ಥಿಯಾಗಿರಬಹುದು, ‘ನಾವು’ ಎಂಬ ಪ್ರತ್ಯಯವಾಗಿರಬಹುದು. ಮೂರನ್ನೂ ಇಟ್ಟು ವಾಕ್ಯವನ್ನು ಕೊನೆಯವರೆಗೆ ಓದಿ ನೋಡಿ. ಕರ್ತೃ ಎಲ್ಲಿದೆ ಎಂದು ಸಿಕ್ಕಿದರೆ ಉಳಿದದ್ದು ಇತ್ಯರ್ಥವಾಗುತ್ತದೆ.

9. ಬರಹದ ಬಗೆ ನೋಡಿ ರೂಪ ನಿರೀಕ್ಷಿಸಿ

ಕಥೆಯಲ್ಲಿ ‘ಅಹಾ-ಎನ್’ ಎಂಬ ಮುನ್ನುಡಿಯ ಜೊತೆ ಸೆಜೆಮ್-ಎನ್-ಎಫ್, ಇಲ್ಲವೇ ಸೆಜೆಮ್-ಇನ್-ಎಫ್ ಬರುತ್ತದೆ; ಎರಡೂ ‘ಆಗ’ ಎಂದು ಕಥೆಯನ್ನು ಮುಂದಕ್ಕೆ ತಳ್ಳುವವು. ಗಣಿತದ ರೈಂಡ್ ಪಪೈರಸ್, ವೈದ್ಯದ ಎಬರ್ಸ್ ಮತ್ತು ಎಡ್ವಿನ್ ಸ್ಮಿತ್ ಪಪೈರಸ್‌ಗಳಂಥ ಬರಹಗಳಲ್ಲಿ ‘ಖೆರ್’ ಇರುವ ರೂಪ ಹೇರಳ. ಇರ್-ಖೆರ್-ಎಕ್ ಎಂಬುದನ್ನು ಇಂಗ್ಲಿಷಿನಿಂದ ತಿರುಗಿಸಿ ‘ನೀನು ಮಾಡಲೇಬೇಕು’ ಎಂದು ಬರೆಯುತ್ತಾರೆ. ನಮ್ಮ ಸರ್ಕಾರಿ ಆದೇಶಗಳ ‘ಮಾಡತಕ್ಕದ್ದು’ ಅದಕ್ಕೆ ಇನ್ನೂ ಹತ್ತಿರ: ಇಂಥ ಸಂದರ್ಭ ಬಂದರೆ ಇಂಥ ಕ್ರಮ. ಸಮಾಧಿಯ ಬರಹದಲ್ಲಿ ‘ಬರಲಿ’, ‘ಕೊಡಲಿ’ಗಳ ವಿಧ್ಯರ್ಥ ಹೆಚ್ಚು.

10. ಅರ್ಥಕ್ಕೆ ನಿಘಂಟಿಗಿಂತ ಮುಂಚೆ ಚಿಹ್ನೆ ನೋಡಿ

ಪದದ ಕೊನೆಯಲ್ಲಿ ಬರುವ, ಉಚ್ಚಾರವಿಲ್ಲದ ಅರ್ಥಸೂಚಕ ಚಿಹ್ನೆ ಧಾತುವಿನ ಕ್ಷೇತ್ರ ಹೇಳಿಬಿಡುತ್ತದೆ. ನಡೆಯುವ ಕಾಲುಗಳಿದ್ದರೆ ಚಲನೆ. ಬಾಯಿಗೆ ಕೈಯಿಟ್ಟು ಕೂತ ಮನುಷ್ಯನಿದ್ದರೆ ತಿನ್ನುವುದು, ಮಾತಾಡುವುದು, ಯೋಚಿಸುವುದು, ಪ್ರೀತಿಸುವುದು. ಗುಬ್ಬಿಯಂಥ ಹಕ್ಕಿಯಿದ್ದರೆ ಕೆಡುಕು, ಕಾಯಿಲೆ, ಸಣ್ಣತನ. ‘ಕಲಿಸು’ ಎಂಬ ಸೆಬಾ ಧಾತುವಿನ ಕೊನೆಗೆ ಕೋಲೆತ್ತಿ ಹೊಡೆಯುವ ಮನುಷ್ಯ ಬರುತ್ತಾನೆ. ಅವರ ಪಾಠಶಾಲೆಯ ಶಿಸ್ತು ಅಷ್ಟರಿಂದಲೇ ತಿಳಿಯುತ್ತದೆ.

ಪ್ರೇರಣಾರ್ಥಕಕ್ಕೆ ನಾವು ಧಾತುವಿನ ಹಿಂದೆ ‘ಇಸು’ ಹಚ್ಚುತ್ತೇವೆ, ಅವರು ಮುಂದೆ ‘ಸ್’ ಹಚ್ಚುತ್ತಾರೆ: ಮೆನ್ ಎಂದರೆ ನೆಲೆ ನಿಲ್ಲು, ಸ್ಮೆನ್ ಎಂದರೆ ನೆಲೆ ನಿಲ್ಲಿಸು, ಖೆಪೆರ್ ಎಂದರೆ ಆಗು, ಸ್ಖೆಪೆರ್ ಎಂದರೆ ಆಗಿಸು. ಎಲ್ಲ ಧಾತುಗಳಿಗೂ ಇದು ಹತ್ತದು. ಹತ್ತದ ಕಡೆ ‘ಕೊಡು’ ಧಾತುವಿನ ನಂತರ ವಿಧ್ಯರ್ಥ ಇಟ್ಟು ‘ಹೋಗಗೊಟ್ಟ’ ಎಂಬಂತೆ ಹೇಳುತ್ತಾರೆ. ವಿಭಕ್ತಿಯಂಥ ಅವ್ಯಯಗಳನ್ನೂ ಧಾತುವಿನ ಜೊತೆಗೇ ಬರೆದುಕೊಳ್ಳಿ. ಸೆಜೆಮ್‌ಗೆ ನೇರ ಕರ್ಮವಿದ್ದರೆ ‘ಕೇಳು’. ಚತುರ್ಥಿಯ ‘ನ್’ ಜೊತೆ ಬಂದರೆ ‘ಮಾತು ಕೇಳು, ವಿಧೇಯನಾಗು’.

11. ಹೋಲಿಕೆಯಿಂದ ನೆಂಟಸ್ತನ ಕಟ್ಟಬೇಡಿ

ಇದನ್ನು ಒತ್ತಿ ಹೇಳಬೇಕು. ಈಜಿಪ್ಟಿಯನ್ ಆಫ್ರೋ-ಏಷ್ಯಾಟಿಕ್ ಕುಟುಂಬದ್ದು. ಅರಬ್ಬಿ, ಹೀಬ್ರೂ, ಅಕ್ಕೇಡಿಯನ್ ಅದರ ಬಳಗ. ಕನ್ನಡ ದ್ರಾವಿಡ. ಮೇಲೆ ನಾನು ತೋರಿಸಿದ ಸಾಮ್ಯಗಳೆಲ್ಲ ವಾಕ್ಯ ಕಟ್ಟುವ ರೀತಿಯಲ್ಲಿರುವವು. ಅವು ಅರ್ಥಮಾಡಿಕೊಳ್ಳಲು ಸಾಧನ, ಸಂಬಂಧಕ್ಕೆ ಸಾಕ್ಷಿ ಆಗುವುದಿಲ್ಲ. ‘ಇರಿ’ ಎಂಬ ಈಜಿಪ್ಟಿನ ಧಾತು ನಮ್ಮ ‘ಇರು’ವಿನಂತೆ ಕೇಳಿಸುತ್ತದೆ ಎಂದು ಸಂಭ್ರಮಿಸುವವರು, ಆ ಉಚ್ಚಾರಣೆ ನಮ್ಮ ಕಾಲದ ಓದುಗರ ಅನುಕೂಲಕ್ಕೆ ಮಾಡಿಕೊಂಡದ್ದು ಎಂಬುದನ್ನು ಮರೆಯುತ್ತಾರೆ. ಈಜಿಪ್ಟ್ ಎಂದೊಡನೆ ನಮ್ಮಲ್ಲಿ ಆಕ್ಸಿರಿಂಕಸ್ ಪ್ರಹಸನದ ಕನ್ನಡ ಪದಗಳ ಚರ್ಚೆಯೂ ಏಳುತ್ತದೆ. ಆ ಪಪೈರಸ್ ಸಿಕ್ಕಿದ್ದು ಈಜಿಪ್ಟಿನಲ್ಲಿ ನಿಜ, ಆದರೆ ನಾಟಕ ಗ್ರೀಕ್ ಭಾಷೆಯದು, ರೋಮನ್ನರ ಕಾಲದ್ದು. ಈಜಿಪ್ಟಿನ ಕ್ರಿಯಾಪದಕ್ಕೂ ಅದಕ್ಕೂ ಸಂಬಂಧವಿಲ್ಲ.

12. ಒಂದು ಕಥೆಯನ್ನು ಪೂರ್ತಿ ಓದಿ

ಬಿಡಿ ವಾಕ್ಯಗಳಿಂದ ಕ್ರಿಯಾಪದ ಬರುವುದಿಲ್ಲ. ಮೊದಲ ಓದಿಗೆ, ಸೇಂಟ್ ಪೀಟರ್ಸ್‌ಬರ್ಗಿನ ಒಂದೇ ಒಂದು ಪಪೈರಸ್ಸಿನಲ್ಲಿ ಉಳಿದುಬಂದಿರುವ, ಹಡಗೊಡೆದ ನಾವಿಕನ ಕಥೆ ತಕ್ಕದ್ದು. ಚಿಕ್ಕದು, ಭಾಷೆ ಸರಳ, ಮುಖ್ಯ ರೂಪಗಳೆಲ್ಲ ಅದರಲ್ಲಿ ಸಿಗುತ್ತವೆ. ಪ್ರತಿ ಕ್ರಿಯಾಪದದ ಕೆಳಗೆ ಅದರ ಧಾತುವರ್ಗ, ರೂಪ, ವಾಕ್ಯದಲ್ಲಿ ಅದು ನಿಂತ ಜಾಗ ಈ ಮೂರನ್ನೂ ಬರೆಯಿರಿ. ಅದರ ಕೆಳಗೆ ಕನ್ನಡ ಬರೆಯಿರಿ, ಇಂಗ್ಲಿಷ್ ಅನುವಾದ ನೋಡುವ ಮೊದಲು. ಕಥೆ ಮುಗಿದ ಮೇಲೆ ಆ ಟಿಪ್ಪಣಿಗಳನ್ನು ಎಸೆಯಬೇಡಿ. ಮೂಲದಿಂದ ನೇರವಾಗಿ, ಕ್ರಿಯಾರೂಪಗಳ ವಿವರಣೆಯೊಂದಿಗೆ ಕನ್ನಡಕ್ಕೆ ತಂದ ಒಂದೊಂದು ಪುಟವೂ ನಂತರ ಬರುವ ಓದುಗರಿಗೆ ಬೇಕು. ದಯವಿಟ್ಟು ಪ್ರಕಟಿಸಿ.